ಮೋಟಾರಿನ ಮನೆಗೊಂದು ಹೊಸ್ತಿಲು

ಮಧುಗಿರಿಯಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದ ನಂದೀಶ್ವರಯ್ಯನವರು ಮೋಟಾರು ಕೊಂಡದ್ದು ಶೋಕಿಗಲ್ಲ. ಹೆಂಡತಿ ಶಿವರುದ್ರಮ್ಮ ಶಿವೈಕ್ಯಳಾದಾಗ ಪಟ್ಟನಾಯಕನಹಳ್ಳಿಯಲ್ಲಿದ್ದ ಅತ್ತೆ ಸಿದ್ದಗಂಗಮ್ಮನಿಗೆ ಬರಲಾಗಲಿಲ್ಲ. ಸೊಂಟ ಮುರಿದು ಕೂತಿದ್ದ ಮುದುಕಿಯನ್ನು ಎತ್ತಿನ ಗಾಡಿ ಹತ್ತಿಸಿದ್ದರೆ ದಾರಿಯಲ್ಲೇ ಇನ್ನೊಂದು ಗುಣಿ ತೋಡಬೇಕಾಗುತ್ತಿತ್ತು. "ಹೆತ್ತ ಮಗಳಿಗೆ ಒಂದು ಹಿಡಿ ಮಣ್ಣು ಹಾಕೋ ಪುಣ್ಯವೂ ನನಗಿಲ್ಲದೆ ಹೋಯ್ತಲ್ಲ" ಎಂದು ಆಕೆ ಹೇಳಿ ಕಳಿಸಿದ ಮಾತು ಅಳಿಯನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ವರ್ಷದ ಪೂಜೆಗಾದರೂ ಆಕೆಯನ್ನು ಮೆತ್ತನೆಯ ಸೀಟಿನ ಮೇಲೆ ಕೂರಿಸಿ ತರಬೇಕು. ಅದಕ್ಕೇ ಬೆಂಗಳೂರಿನಿಂದ ಹಳೆಯ ಮೋಟಾರು ಬಂತು. ಅದನ್ನು ನಡೆಸಲು ಶಿರಾದಿಂದ ಡ್ರೈವರ್ ಮಸ್ತಾನ್ ಸಾಬಿ ಬಂದ.

ಮೋಟಾರು ಬಂದ ವಾರದಲ್ಲೇ ಯಾರದೋ ಕೋಳಿ ಸೀಟಿನ ಮೇಲೆ ಮೊಟ್ಟೆ ಇಟ್ಟಿತು. ಬೆಟ್ಟದ ಕೋತಿಗಳು ಹಾರನ್ನು ಒತ್ತುವುದು ಕಲಿತವು. ಹಿತ್ತಿಲಲ್ಲಿ ಬೇರೆಯೇ ಒಂದು ಷೆಡ್ಡು ಆಗಲೇಬೇಕೆಂದು ನಂದೀಶ್ವರಯ್ಯನವರು ಐ.ಡಿ.ಹಳ್ಳಿಯ ಬೊಮ್ಮಪ್ಪನಿಗೆ ಗುತ್ತಿಗೆ ಕೊಟ್ಟರು. ಬೊಮ್ಮಪ್ಪ ಕಟ್ಟಿದ ಕೊಟ್ಟಿಗೆಯ ಗೋಡೆಗೆ ಹೋರಿ ಗುದ್ದಿದರೆ ಮುರಿಯುವುದು ಹೋರಿಯ ಕೊಂಬು. ಆದರೆ ಮೋಟಾರಿಗೆ ಮನೆ ಕಟ್ಟಿ ಅವನಿಗೂ ಗೊತ್ತಿರಲಿಲ್ಲ. ಅಳತೆಗೆಂದು ಮೋಟಾರನ್ನೇ ತಂದು ಪಾಯದೊಳಗೆ ನಿಲ್ಲಿಸಿಕೊಂಡು, ಅಂಗಿ ಹೊಲಿಯುವವನಂತೆ ಅದರ ಸುತ್ತ ಗೋಡೆ ಎಬ್ಬಿಸತೊಡಗಿದ.

ಒಂದು ದಿನ ನಂದೀಶ್ವರಯ್ಯನವರು ನೋಡಲು ಹೋದರೆ ಮೋಟಾರಿನ ಮೂತಿಯ ಮುಂದೆ ಸೊಗಸಾದ ಕಲ್ಲಿನ ಗೋದಲಿ ಎದ್ದಿತ್ತು.

"ಇದೇನ್ಲಾ ಬೊಮ್ಮಪ್ಪ? ಮೋಟಾರು ಹುಲ್ಲು ತಿಂತದೇನ್ಲಾ?"

"ಈಗ ತಿನ್ನಾಕಿಲ್ಲ ಬುದ್ದಿ. ನಾಳೆ ಇದನ್ನ ಮಾರಿಬುಟ್ಟು ಎಮ್ಮೆ ತಂದ್ರೆ? ಅವಾಗ ಬೊಮ್ಮಪ್ಪನ್ನ ಬಯ್ಯಂಗಿಲ್ಲ."

"ಈ ಗಂಜಲದ ಕಾಲುವೆ ಯಾಕಲಾ?"

"ಅದು ಬೇಕೇ ಬೇಕು ಬುದ್ದಿ. ನಿಂತಲ್ಲೇ ಎಣ್ಣೆ ಸುರಿಸ್ತೈತಂತಲ್ಲ. ಸಾಬ್ರೇ ಹೇಳವ್ರೆ."

ಗೋದಲಿಯನ್ನು ಕೀಳಿಸಿದರು, ಕಾಲುವೆ ಉಳಿಯಿತು. ಪೂಜೆಗೆ ಮುಂಚೆ ಮದಲೂರಿನ ಕಡೆ ಕಡಲೆಕಾಯಿ ಕೊಳ್ಳಲು ಹೊರಟ ನಂದೀಶ್ವರಯ್ಯನವರು ಒಂದೇ ಮಾತು ಹೇಳಿದರು: "ಬಾಗಿಲು ನಿಲ್ಲಿಸೋವಾಗ ಮುಹೂರ್ತ ತಪ್ಪಬಾರದು ಕಣೋ. ನಮ್ಮವಳು ಇದ್ದಿದ್ದರೆ ಪೂಜೆಯಿಲ್ಲದೆ ಬಾಗಿಲು ನಿಲ್ಲಿಸೋಕೆ ಬಿಡ್ತಿರಲಿಲ್ಲ." ಬಾಗಿಲು ಎಷ್ಟು ಅಗಲವಿರಬೇಕೆಂದು ಹೇಳಲಿಲ್ಲ. ಹೇಳಬೇಕಾದ ಮಾತು ಅದೆಂದು ಅವರಿಗೆ ತೋಚಲೂ ಇಲ್ಲ. ಮಸ್ತಾನ್ ಸಾಬಿಯೂ ಹಬ್ಬಕ್ಕೆಂದು ಊರಿಗೆ ಹೋದ.

ಇಬ್ಬರೂ ತಿರುಗಿ ಬಂದದ್ದು ಅತ್ತೆಯನ್ನು ಕರೆತರಬೇಕಾದ ದಿನದ ಹಿಂದಿನ ಬೆಳಗ್ಗೆ. ಷೆಡ್ಡು ಮುಗಿದಿತ್ತು. ಮೇಲೆ ಹೊಸ ಹೆಂಚು, ಮುಂದೆ ಮಾವಿನ ತೋರಣ, ಕೆತ್ತನೆಯ ಚೌಕಟ್ಟಿಗೆ ಒಬ್ಬರೇ ಬಗ್ಗಿ ಹೋಗುವಷ್ಟು ಬಾಗಿಲು, ಮೊಣಕಾಲೆತ್ತರದ ಹೊಸ್ತಿಲು. ಒಳಗೆ ಮೋಟಾರು ಗರ್ಭಗುಡಿಯ ಬಸವಣ್ಣನಂತೆ ಕೂತಿತ್ತು.

ನಂದೀಶ್ವರಯ್ಯನವರು ಕೈಯಲ್ಲಿದ್ದ ಬೆತ್ತದಿಂದ ಬಾಗಿಲಿನ ಅಗಲ ಅಳೆದರು. "ಲೇ, ಇದು ಹೊರಗೆ ಬರೋದು ಹೆಂಗೋ?"

ಬೊಮ್ಮಪ್ಪ ಬಾಗಿಲನ್ನೂ ಮೋಟಾರನ್ನೂ ಒಂದು ಸಲ ನೋಡಿದ. "ಗಾಡಿ ಒಳಗೇ ಐತಲ್ಲ ಬುದ್ದಿ, ಇನ್ನು ಬಾಗ್ಲು ಮನುಷ್ಯರಿಗೆ ತಾನೇ ಅಂದ್ಕಂಡೆ."

"ಯಾ ಅಲ್ಲಾ!" ಎಂದು ಮಸ್ತಾನ್ ಸಾಬಿ ತಲೆ ಚಚ್ಚಿಕೊಂಡು ಹಾರೆ ಎತ್ತಿಕೊಂಡ. "ಸರೀರಿ ಸಾಹುಕಾರ್ರೆ. ನಾಲ್ಕು ಏಟಿಗೆ ಈ ಚೌಕಟ್ಟು ಖತಂ."

ಬೊಮ್ಮಪ್ಪ ಓಡಿ ಹೋಗಿ ಹೊಸ್ತಿಲ ಮೇಲೆ ಕೂತುಬಿಟ್ಟ. "ಬ್ಯಾಡ ಸಾಬ್ರೆ! ಕೆಳಗೆ ನವಧಾನ್ಯ ಐತೆ, ಕೀಳಂಗಿಲ್ಲ. ಬುದ್ದಿ, ಇದು ಅಮ್ನೋರ ಹೊಸ್ತಿಲು! ಹಳೇ ಮನೆ ಬಿಚ್ಚಿದಾಗ ತಗದಿದ್ದು, ಹಿತ್ಲಾಗೆ ಮಳೇಲಿ ನೆನೀತಾ ಬಿದ್ದಿತ್ತು. ಅವ್ರು ದಿನಾ ಅರಿಶಿಣ ಬಳೀತಿದ್ದದ್ದು ನಾನು ನೋಡಿಲ್ವಾ? ಹೊಟ್ಟೆ ಉರೀತು. ತಂದು ಕೂರಿಸಿಬುಟ್ಟೆ."

ಬೊಮ್ಮಪ್ಪನ ಬೆನ್ನಿಗೆಂದು ಎತ್ತಿದ್ದ ಬೆತ್ತ ನಂದೀಶ್ವರಯ್ಯನವರ ಕೈಯಲ್ಲೇ ಇಳಿಯಿತು. ಬಲಗಡೆಯ ಮೂಲೆಯಲ್ಲಿ ಆ ಹಳೆಯ ಅರಿಶಿಣ ಮರದೊಳಕ್ಕೆ ಇಳಿದು ಕರೆಗಟ್ಟಿತ್ತು. ಅವಳು ಅಲ್ಲಿಂದಲೇ ಶುರು ಮಾಡುತ್ತಿದ್ದಳು. ಅದನ್ನು ಮಳೆಗೆ ಎಸೆದವರು ತಾವು. ಎತ್ತಿ ತಂದವನು ಈ ಪೆದ್ದ.

ನಾಳೆ ಅತ್ತೆ ಬರಬೇಕು. ಇದನ್ನು ಕೀಳುವಂತಿಲ್ಲ. ಅವರು ಷೆಡ್ಡನ್ನು ಒಂದು ಸುತ್ತು ಪ್ರದಕ್ಷಿಣೆ ಬಂದರು. ಹಿಂದಿನ ಗೋಡೆಯ ಆಚೆಗೇ ಓಣಿಯಿತ್ತು.

"ಹಿಂದಿನ ಗೋಡೆ ಒಡೀರಿ" ಎಂದರು.

ಬೊಮ್ಮಪ್ಪನಿಗೆ ಅಳು ಬಂತು. "ಅಂಥಾ ಗೋಡೆ ಮಧುಗಿರೀಲಿ ಇನ್ನೊಂದಿಲ್ಲ ಬುದ್ದಿ!"

ಅವನ ಮಾತು ಸುಳ್ಳಾಗಿರಲಿಲ್ಲ. ಇಡೀ ಷೆಡ್ಡಿನಲ್ಲಿ ಲೋಪವಿಲ್ಲದೆ ಕಟ್ಟಿದ್ದು ಅದೊಂದೇ. ಹಾರೆಗಳು ಬಗ್ಗಿದವು. ಒಡೆಯುವ ಆಳುಗಳನ್ನು ಬೊಮ್ಮಪ್ಪ ಬಯ್ಯುತ್ತಲೇ ಇದ್ದ: "ಅಂಗೆ ಅಲ್ಲ ಕಣ್ಲಾ, ಆ ಕಲ್ಲಿಗೆ ಬಡೀಬ್ಯಾಡ, ಚೆನ್ನಾಗಿ ಕೂತೈತೆ!" ಹೊತ್ತು ಮುಳುಗುವ ಮುನ್ನ ತೊಲೆಗೆ ಆಸರೆ ಕೊಟ್ಟು, ಮೋಟಾರನ್ನು ಮೆಲ್ಲಗೆ ತಳ್ಳಿ ಓಣಿಗೆ ಇಳಿಸಿದರು.

ಮಾರನೆಯ ದಿನ ಸಿದ್ದಗಂಗಮ್ಮ ದಿಂಬುಗಳ ನಡುವೆ ಕೂತು ಬಂದರು. ಮಸ್ತಾನ್ ಸಾಬಿ ಹಿಂದಿನ ಓಣಿಯಿಂದಲೇ ಮೋಟಾರನ್ನು ಷೆಡ್ಡಿನೊಳಕ್ಕೆ ನುಗ್ಗಿಸಿ ನಿಲ್ಲಿಸಿದ. ಅಳಿಯನ ತೋಳು ಹಿಡಿದು ಇಳಿದ ಮುದುಕಿ ಎದುರಿನ ಬಾಗಿಲಿಗೆ ಬಂದು ನಿಂತರು.

"ಅಳಿಯಂದ್ರೆ, ಇದು ನಮ್ಮ ರುದ್ರಿ ಸೇರು ಒದ್ದು ಒಳಗೆ ಬಂದ ಹೊಸ್ತಿಲಲ್ವಾ?"

"ಹೌದು ಅತ್ತೆಮ್ಮ."

"ಮೋಟಾರಿನ ಮನೇಗೆ ಯಾಕ್ರಪ್ಪ ಇಟ್ಟಿರಿ?"

ಬೊಮ್ಮಪ್ಪನೇ ಹೊರಗಿನಿಂದ ಕೂಗಿದ: "ನೀವು ದಾಟ್ಲಿ ಅಂತ ಕಣಮ್ಮ!"

ಮುದುಕಿ ನಕ್ಕರೋ ಅತ್ತರೋ ತಿಳಿಯಲಿಲ್ಲ. ಚೌಕಟ್ಟು ಹಿಡಿದು, ಶಿವ ಶಿವಾ ಎನ್ನುತ್ತ ಸೊಂಟ ಬಗ್ಗಿಸಿ, ಆ ಅರಿಶಿಣದ ಕರೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಹೊಸ್ತಿಲು ದಾಟಿದರು. ತೋಟದಲ್ಲಿದ್ದ ಸಮಾಧಿಯ ಹತ್ತಿರ ಹೋಗಿ, ವರ್ಷದಿಂದ ಬಾಕಿಯಿದ್ದ ಒಂದು ಹಿಡಿ ಮಣ್ಣು ಹಾಕಿದರು.

ಸಂಜೆ ಬೊಮ್ಮಪ್ಪ ಷೆಡ್ಡಿನ ಮುಂಬಾಗಿಲಿಗೆ ದಪ್ಪ ಬೀಗ ಜಡಿದು ಬೀಗದ ಕೈ ತಂದುಕೊಟ್ಟ.

"ಹಿಂದೆ ಗೋಡೆಯೇ ಇಲ್ಲವಲ್ಲೋ, ಕಳ್ಳ ಅಲ್ಲಿಂದ ಬಂದರೆ?"

"ಬರ್ಲಿ ಬುದ್ದಿ, ಮೋಟಾರು ಹೊಡ್ಕಂಡು ಹೋಗ್ಲಿ. ಅಮ್ನೋರ ಹೊಸ್ತಿಲು ಮಾತ್ರ ತುಳಿಯಾಂಗಿಲ್ಲ."

ನಂದೀಶ್ವರಯ್ಯನವರು ಬೀಗದ ಕೈಯನ್ನು ಉಡಿದಾರಕ್ಕೆ ಭದ್ರವಾಗಿ ಕಟ್ಟಿಕೊಂಡರು.