ಭಾಗ್ಯಮ್ಮನ ಮಿಷನ್ನಿಗೆ ಯಾವ ಕ್ರಿಯಾಪದ?

೧
ಎಲ್ಲಿಂದ ಶುರು ಮಾಡಲಿ? ಹೊಲಿಗೆ ಮಿಷನ್ನಿನಿಂದಲೋ, ಇಂಗ್ಲಿಷ್ ಕ್ರಿಯಾಪದದಿಂದಲೋ? ಮಿಷನ್ನು ಭಾಗ್ಯಮ್ಮನ ಹತ್ತಿರ ಇಲ್ಲ, ಕ್ರಿಯಾಪದ ನನ್ನ ಹತ್ತಿರ ಇಲ್ಲ. ಇಬ್ಬರೂ ಬರಿಗೈ. ಹಾಗಾದರೆ ಶುರು ಮಾಡಬಹುದು.

೨
೧೯೫೬. ಮೈಸೂರಿನ ಕೋರ್ಟಿನ ಮುಂದೆ, ಮರದ ಕೆಳಗೆ, ಬಿಂದುಮಾಧವರಾಯರು ಇಂಗ್ಲಿಷಿನಲ್ಲಿ ಅರ್ಜಿ ಟೈಪ್ ಮಾಡಿಕೊಡುತ್ತಾರೆ. ಎದುರಿಗೆ ಭಾಗ್ಯಮ್ಮ, ಗಂಡ ಸತ್ತ ಮೇಲೆ ರವಿಕೆ ಹೊಲಿದು ಬದುಕುವವಳು. ಗಂಡನ ಅಣ್ಣ ದೇವಯ್ಯ ಅವಳ ಕೈಮಿಷನ್ನು ಇಟ್ಟುಕೊಂಡು ಎರಡು ವಾರವಾಗಿದೆ.

"'ಸ್ನ್ಯಾಚ್' ಅಂತ ಹಾಕ್ಲೇನಮ್ಮ? ಅಂದ್ರೆ, ಸರಕ್ಕನೆ ಕಿತ್ಕೊಳ್ಳೋದು."

"ಅವ್ರು ಮುಟ್ಟೇ ಇಲ್ಲ ಸ್ವಾಮಿ."

"'ಸೀಜ್'?" (ರಾಯರಿಗೇ ಅನುಮಾನ. ಅದು ಅಮೀನರು ಜಫ್ತಿ ಮಾಡುವಾಗಿನ ಪದ. ದೇವಯ್ಯನಿಗೆ ಸರ್ಕಾರದ ಗತ್ತು ಬಂದುಬಿಡುತ್ತದೆ.)

"'ಗ್ರ್ಯಾಬ್' ಹಾಕಿ ರಾಯರೇ," ಎಂದು ನಾನು ಮೂಗು ತೂರಿಸಿದೆ.

"ಅದು ಬೀದಿ ಮಾತು, ಜಡ್ಜು ನಗ್ತಾರೆ ಕಣ್ರೀ. ನೀವು ಸುಮ್ನೆ ಕತೆ ಬರ್ಕೊಳ್ಳಿ." ಅವಳ ಕಡೆ ತಿರುಗಿದರು. "ಮತ್ತೆ ಮಿಷನ್ನು ಅಲ್ಲಿಗೆ ಹೋಗಿದ್ದು ಹೇಗಮ್ಮ?"

"ನಾನೇ ಹೊತ್ಕೊಂಡೋದೆ."

೨ (ಮತ್ತೆ. ಇದನ್ನು ಅವಳು ನನಗೂ ಹೇಳಿರಲಿಲ್ಲ.)
ಆಯುಧಪೂಜೆಗೆ ಮನೆತನದ ಕುಡುಗೋಲು, ಕೊಡಲಿ, ತಕ್ಕಡಿ ಎಲ್ಲವೂ ಹಿರಿಯನಾದ ದೇವಯ್ಯನ ನಡುಮನೆಗೆ ಹೋಗುತ್ತವೆ. ಭಾಗ್ಯಮ್ಮ ಮಿಷನ್ನನ್ನು ಒರೆಸಿ, ಹೊತ್ತೊಯ್ದು ಸಾಲಿನಲ್ಲಿಟ್ಟಳು. ಪೂಜೆ ಮುಗಿದು ಉಳಿದವೆಲ್ಲ ಹೊರಟವು. ಮಿಷನ್ನನ್ನು ದೇವಯ್ಯ ಎತ್ತಿಕೊಡಲಿಲ್ಲ. ಅವಳು ಕೇಳಲಿಲ್ಲ. ಭಾವನ ಎದುರು ತಮ್ಮನ ಹೆಂಡತಿ ಬಾಯಿ ತೆರೆಯುವ ರೂಢಿ ಆ ಮನೆಯಲ್ಲಿಲ್ಲ. ನನಗೆ ಸಿಟ್ಟು ಬಂತು, ಮೊದಲು ನನ್ನ ಮೇಲೆಯೇ. ಇಷ್ಟು ಹೊತ್ತು ಪದ ಹುಡುಕುತ್ತ ಕೂತಿದ್ದೆನಲ್ಲ!

ಒಂದು ಮುಕ್ತಾಯ: 'ಸ್ನ್ಯಾಚ್' ಎಂದೇ ಟೈಪಾಗುತ್ತದೆ. "ಕಿತ್ಕೊಂಡ್ರೇನಮ್ಮ?" ಎಂದು ದೇವಯ್ಯನ ವಕೀಲ ಕೇಳುತ್ತಾನೆ. ಅವಳಿಗೆ ಸುಳ್ಳು ಬರುವುದಿಲ್ಲ. ಕೇಸು ವಜಾ. (ಹರಿದು ಹಾಕಿದೆ.)

ಇನ್ನೊಂದು: ದೇವಯ್ಯನೇ ಮನಸ್ಸು ಕರಗಿ ತಂದುಕೊಡುತ್ತಾನೆ. (ನೀವೂ ನಂಬುವುದಿಲ್ಲ, ಬಿಡಿ.)

ಅಷ್ಟರಲ್ಲಿ ಮರದ ಕೆಳಗೆ ಭಾಗ್ಯಮ್ಮ ಎದ್ದೇಬಿಟ್ಟಳು. "ನಿಮ್ಗೆ ಪದ ಸಿಗೋ ಹೊತ್ಗೆ ದೀಪಾವಳಿ ರವಿಕೆ ಎಲ್ಲಾ ಬೇರೆಯೋರ ಪಾಲಾಯ್ತದೆ. ನಾನೇ ಕೇಳ್ತೀನಿ ಬುಡಿ."

"ಭಾವನ್ನಾ? ನೀವಾ?" ರಾಯರ ಬೆರಳು ಕೀಲಿಯ ಮೇಲೆಯೇ ನಿಂತಿತು.

೩ (ಮುಕ್ತಾಯವಲ್ಲ)
ಸೆರಗು ತಲೆಯ ಮೇಲಿದೆ. ಅವಳು ಹೊಸಿಲು ದಾಟಿ ಒಳಗೆ ನಿಂತಿದ್ದಾಳೆ. ದೇವಯ್ಯ ಎಲೆಗೆ ಸುಣ್ಣ ಸವರುತ್ತಿದ್ದಾನೆ.

"ಭಾವ, ನನ್ ಮಿಷನ್ನು ಕೊಡಿ."

ಅವಳ ದನಿ ಇಷ್ಟು ಗಟ್ಟಿ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಉತ್ತರ ಕೊಡಲು ಬಾಯಿ ತೆರೆದಿದ್ದಾನೆ. ಅದನ್ನು ನಾನು ಬರೆಯುವುದಿಲ್ಲ. ಇಷ್ಟು ವರ್ಷ ಅವನೊಬ್ಬನೇ ಮಾತಾಡಿದ್ದು ಸಾಕು.