ಹುಳ ಬಿಟ್ಟ ಮಣ್ಣು

ಗುದ್ದಲಿಯನ್ನು ಒಳಗೇ ಬಿಟ್ಟು ರಾಜು ಗುಂಡಿಯಿಂದ ಮೇಲೆ ಹಾರಿದ. ಎದೆಮಟ್ಟ ಅಗೆದಾಗಿತ್ತು.

"ಹುಳ ಉಂಟು ವಸಂತಣ್ಣ. ಬಿಳಿ ನೂಲಿನ ಹಾಗೆ ಗಂಟುಗಂಟು. ಮೇಲೆ ಹಾಕಿದ ಮಣ್ಣಲ್ಲೂ ಅದೇ. ನಾನಿನ್ನು ಇಳಿಯುವವನಲ್ಲ."

ಬಾಳೆತೋಟದ ಈ ಮೂಲೆಯಲ್ಲೇ ತನ್ನನ್ನು ಹೂಳಬೇಕೆಂದು ಬೊಳ್ಳಪ್ಪ ಹೇಳಿಟ್ಟಿದ್ದ. ಅವನ ತಮ್ಮ ವಸಂತ ಬಗ್ಗಿ ನೋಡಿ, ಪಂಚೆ ಎತ್ತಿಕೊಂಡು ಹಿಂದೆ ಸರಿದ.

"ಅಣ್ಣ ಸಾಕಿದ್ದು ಇದನ್ನೇ ಅಲ್ವಾ? ಕೊನೆಗೆ ಎರಡು ದಿನ ಹೊಟ್ಟೆ ಹಿಡ್ಕೊಂಡು ಮಲಗಿದ್ದ."

"ಡಾಕ್ಟ್ರು ಹಾರ್ಟು ಅಂದ್ರಲ್ಲ," ಎಂದಳು ಬೊಳ್ಳಪ್ಪನ ಹೆಂಡತಿ ಯಮುನ.

"ಡಾಕ್ಟ್ರು ಹೊಟ್ಟೆ ಕೊಯ್ದು ನೋಡಿದ್ರಾ ಅತ್ತಿಗೆ? ಯಾರೂ ಈ ಮಣ್ಣು ಮುಟ್ಟೋದು ಬೇಡ. ಕೊರೊನಾ ಟೈಮಲ್ಲಿ ಮಾಡಿದ ಹಾಗೆ ಗುದ್ದಲಿಯಲ್ಲೇ ಎಳೆದು ಮುಚ್ಚುವ."

ಬಂದವರೆಲ್ಲ ತಲೆಯಾಡಿಸಿದರು. ನಂಟರಿಷ್ಟರು ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕದೆ ಆ ಮನೆಯಲ್ಲಿ ಯಾರನ್ನೂ ಕಳಿಸಿದ್ದಿಲ್ಲ. ಬೊಳ್ಳಪ್ಪನ ಮಗಳು ಗಾನವಿ ಗುಂಡಿಯ ಅಂಚಿಗೆ ಬಂದು ಇಣುಕಿದಳು. ಆ ಹುಳದ ವಿಷಯ ಅಪ್ಪನಿಗೆ ಹೇಳಿದ್ದೇ ಅವಳು.

*

ಎರಡು ವರ್ಷದ ಹಿಂದೆ ಮಿಡತೆಗಳು ಕಾಫಿ, ಬಾಳೆ ಯಾವುದನ್ನೂ ಬಿಟ್ಟಿರಲಿಲ್ಲ. ಆಗೊಮ್ಮೆ, ಸಾಯುತ್ತಿದ್ದ ಮಿಡತೆಯ ಹೊಟ್ಟೆಯಿಂದ ಅದರ ಮೂರು ಪಟ್ಟು ಉದ್ದದ ಹುಳ ಹೊರಬರುವುದನ್ನು ಅಪ್ಪ ಕಂಡ. ಗಾನವಿ ಫೋನಿನಲ್ಲಿ ಹುಡುಕಿ ಹೇಳಿದಳು: ಮಳೆ ಬಿದ್ದಾಗ ಈ ಹುಳ ಮಣ್ಣಿನಿಂದೆದ್ದು ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಆ ಎಲೆ ತಿಂದ ಮಿಡತೆಯೊಳಗೆ ಮರಿ ಬೆಳೆದು, ಅದನ್ನು ಕೊಂದು, ಮತ್ತೆ ಮಣ್ಣಿಗಿಳಿಯುತ್ತದೆ.

ಅಂದಿನಿಂದ ಅಪ್ಪ ಕರಿಕೆ ಊರಿನ ತೋಟತೋಟ ಅಲೆದು ಸೊರಗಿದ ಮಿಡತೆಗಳನ್ನು ಹೆಕ್ಕಿ ತಂದ. ಅವುಗಳಿಂದ ಹೊರಬಂದ ಹುಳಗಳನ್ನು ಬಿಟ್ಟ ಒದ್ದೆ ಮಣ್ಣನ್ನು ಬರಿಗೈಯಲ್ಲಿ ಬಾಳೆಬುಡಕ್ಕೆ ಕಲೆಸಿದ.

"ಮನುಷ್ಯರ ಒಳಗೆ ಹೋದ್ರೆ?" ಎಂದು ಒಮ್ಮೆ ಅಪ್ಪ ಕೇಳಿದ್ದ.

"ಏನೂ ಆಗಲ್ಲಪ್ಪ. ಮಿಡತೆಯಂಥದ್ರಲ್ಲಿ ಮಾತ್ರ ಅದು ಬದುಕೋದು."

"ಓದಿದವಳು ನೀ ಹೇಳಿದ ಮೇಲೆ ಮುಗೀತು," ಎಂದು ನಕ್ಕು, ಅದೇ ಕೈಯಲ್ಲಿ ಎಲೆಅಡಿಕೆ ಬಾಯಿಗಿಟ್ಟಿದ್ದ.

ಅವಳು ಓದಿದ್ದು ಒಂದೇ ಪುಟ.

*

ಹೆಣ ಇಳಿಸಿದ್ದಾಯಿತು. ವಸಂತ ಗುದ್ದಲಿ ಎತ್ತಿದ.

"ಚಿಕ್ಕಪ್ಪ, ನಿಲ್ಲಿ. ಅದು ನಮಗೇನೂ ಮಾಡಲ್ಲ."

ಜನರ ನಡುವೆ ಅವಳ ದನಿ ಕೇಳಿದ್ದೇ ಅಪರೂಪ. ವಸಂತ ತಿರುಗಿದ. "ಅಷ್ಟು ಗ್ಯಾರಂಟಿ ಇದ್ರೆ ನೀನೇ ಹಾಕು ನೋಡುವ. ನೀ ಹಾಕಿದ್ರೆ ನಾವೂ ಹಾಕ್ತೇವೆ."

ಗ್ಯಾರಂಟಿ ಅವಳಿಗೂ ಇರಲಿಲ್ಲ. ಅಪ್ಪ ಹೊಟ್ಟೆ ಹಿಡಿದು ಮಲಗಿದ್ದನ್ನು ಅವಳೂ ನೋಡಿದ್ದಳು. ಮಂಡಿಯೂರಿ ಮಣ್ಣಿಗೆ ಕೈ ಹಾಕಿದಳು. ತಣ್ಣಗಿತ್ತು. ಒಂದು ಹಿಡಿ. ಎರಡು. ಮೂರನೆಯದರಲ್ಲಿ ಮುಷ್ಟಿಯೊಳಗೆ ಏನೋ ಹೊರಳಿತು. ಅಪ್ಪನ ಎದೆಯ ಮೇಲೆ ಬೆರಳು ಬಿಡಿಸಿದಳು. ಮಣ್ಣು ಉದುರಿತು. ಹುಳ ಉದುರಲಿಲ್ಲ.

ಕೈಯನ್ನು ವೇಲಿನೊಳಗೆ ಸರಿಸಿ ಎದ್ದು ನಿಂತಳು. ವಸಂತ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಗುದ್ದಲಿ ಕೆಳಗಿಟ್ಟು ಬಗ್ಗಿದ. ಅವನ ಹಿಂದೆ ರಾಜು ಬಂದ. ಆಮೇಲೆ ನೆರೆಯವರು, ಒಬ್ಬೊಬ್ಬರಾಗಿ, ಮೂರು ಮೂರು ಹಿಡಿ.

ವೇಲಿನ ಮರೆಯಲ್ಲಿ ಹುಳ ಅವಳ ಉಂಗುರದ ಬೆರಳಿಗೆ ಇನ್ನೊಂದು ಸುತ್ತು ಬಂದು ಬಿಗಿಯಿತು. ಕೊಡವಿದರೆ ಎಲ್ಲರೂ ನೋಡುತ್ತಾರೆ. ಸಾಲಿನಲ್ಲಿ ಇನ್ನೂ ಹನ್ನೊಂದು ಜನರಿದ್ದರು.