ಕೊಕ್ಕು ಮಸೆಯುವ ಹೊತ್ತು

ಗಿಳಿ ಹಾರಿಬಂದು ದೇವೇಂದ್ರಪ್ಪನ ಹೆಗಲ ಮೇಲೆ ಕುಳಿತದ್ದೇ ತಡ, ಭಜನೆಯವರ ತಾಳ ತಪ್ಪಿತು.

ಗಿಣಿಗೇರಾದ ಆ ಮನೆಯ ಪಡಸಾಲೆಯಲ್ಲಿ, ಪದ್ಧತಿಯಂತೆ ಅವನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಮಾಲೆ. ಉಂಡು ತೂಕಡಿಸುತ್ತಿದ್ದಾನೆ ಎನ್ನಬೇಕು, ಹಾಗೆ ಕೂತಿದ್ದ. ಗಿಳಿಯೂ ಹಾಗೆಯೇ ತಿಳಿಯಿತೇನೋ ಪಾಪ. ಒಂದು ಕಾಲು ಮಡಚಿ, ಗರಿ ಉಬ್ಬಿಸಿ, ಕೊಕ್ಕು ಕರಕರ ಮಸೆಯತೊಡಗಿತು.

"ಹುಶ್! ಹಲ್ಲು ಕಡಿಯಾಕತ್ತೈತಿ ನೋಡ್ರಿ," ಎಂದು ತಮ್ಮ ಪಂಪಾಪತಿ ಟವೆಲ್ ಬೀಸಿದ. "ಅತ್ತಿಗಿ, ಮಣ್ಣು ಮುಗಿಸಿ ಬಂದು ಇದನ್ನ ಹೊಲದಾಗ ಬಿಟ್ಟುಬಿಡ್ತೀನಿ."

"ಬಿಟ್ಟುಬಿಡಪಾ," ಎಂದಳು ಗಂಡನ ಪಕ್ಕ ಕೂತಿದ್ದ ಕಳಕಮ್ಮ. "ಹನ್ನೊಂದು ವರ್ಷ ಕಾಳು ಹಾಕೀನಿ. ನನ್ನ ಕಂಡ್ರೂ ಹಿಂಗ ಹಲ್ಲು ಕಡೀತೈತಿ. ನಾನಂದ್ರ ಅದಕ್ಕೂ ಆಗೂದಿಲ್ಲ."

ಅದಕ್ಕೂ ಎಂದಳು. ಆ 'ಊ' ಯಾರ ಕಿವಿಗೂ ಬೀಳಲಿಲ್ಲ.

*

ಕಾರ್ಖಾನೆಯ ಸದ್ದಿನಲ್ಲಿ ದುಡಿದೂ ದುಡಿದೂ ದೇವೇಂದ್ರಪ್ಪನಿಗೆ ಕಿವಿ ಮಂದವಾಗಿತ್ತು. ಮಾತು ಕಡಿಮೆಯಾಗಿ ಕೈಸನ್ನೆಗೇ ಇಳಿದಿದ್ದ. ಆದರೆ ಗಿಳಿಯ ಮೈ ಓದುವುದರಲ್ಲಿ ಮಹಾ ಪಂಡಿತ. ಅದು ಕಣ್ಣಪಾಪೆ ಸಣ್ಣದು ದೊಡ್ಡದು ಮಾಡಿದರೆ ಕೈ ಹಿಂದೆಗೆಯುವನು. ತಲೆ ಬಗ್ಗಿಸಿದರೆ ಕುತ್ತಿಗೆ ಕೆರೆಯುವನು.

ರಾತ್ರಿಪಾಳಿ ಇದ್ದಾಗ ಹಗಲೆಲ್ಲ ಮನೆಯಲ್ಲೇ. ಬಿಸಿಲು ಬೆಳಕಿಂಡಿಯಿಂದ ಇಳಿದು ಹೊಟ್ಟಿನ ಧೂಳೆಲ್ಲ ಬಂಗಾರವಾಗುವ ಹೊತ್ತಿಗೆ ಕಳಕಮ್ಮ ಮೊರ ಹಿಡಿದು ಕೂರುವಳು. ಮೊರದಲ್ಲಿ ಕಾಳು ಆಡುವ ಸದ್ದಿಗೆ ಗಿಳಿ ಹತ್ತಿರ ಸರಿದು ಕೊಕ್ಕು ಮಸೆಯುವುದು. ಅವಳು ಮಾತಿಗೆ ಬಾಯಿ ತೆರೆದರೆ ಸಾಕು, ಗಂಡ ತುಟಿಯ ಮೇಲೆ ಬೆರಳಿಡುವನು. ಎಂಥ ಗಂಡಸಪ್ಪಾ! ಕಿವಿ ಕೇಳದವನಿಗೂ ನನ್ನ ದನಿ ಬೇಡವಾಯಿತೇ ಎಂದು ಅವಳು ಒಳಗೊಳಗೇ ಉರಿಯುವಳು. ಯಾಕೆ ಎಂದು ಮಾತ್ರ ಒಂದು ದಿನವೂ ಕೇಳಲಿಲ್ಲ.

*

"ಅಕ್ಕಾ, ಹಲ್ಲು ಕಡಿಯೂದಲ್ರಿ ಅದು," ಎನ್ನುತ್ತ ಬಾಗಿಲಲ್ಲಿ ನಿಂತಿದ್ದ ರಫೀಕ ಒಳಗೆ ಬಂದ. ದೇವೇಂದ್ರಪ್ಪನ ಪಾಳಿಯಲ್ಲೇ ದುಡಿಯುವವನು. "ಜೀವಕ್ಕ ಹಾಯ್ ಅನಿಸಿ ನಿದ್ದಿ ಬಂದ್ರ ಗಿಣಿ ಹಂಗ ಕೊಕ್ಕು ಮಸೀತೈತಿ. ನಂಬಿಗಿ ಇದ್ದೋರ ಹತ್ರ ಅಷ್ಟ."

ಕಳಕಮ್ಮ ತಲೆಯೆತ್ತಿದಳು. "ಯಾರು ಹೇಳಿದ್ರು?"

"ದೇವಣ್ಣನ ಹೇಳ್ತಿದ್ದ, ಊಟದ ಡಬ್ಬಿ ಬಿಚ್ಚಿದಾಗೆಲ್ಲಾ. 'ನಮ್ಮ ಕಳಕಿ ಕಾಳು ಹಸನ ಮಾಡಾಕ ಕುಂತ್ರ ಗಿಣಿ ಮಲಗ್ತೈತಿ. ಅಕಿ ಮಾತಾಡಿದ್ರ ಎಚ್ಚರ ಆಗ್ತೈತಿ ಅಂತ ಬೆರಳು ತೋರಸ್ತೀನಿ. ಇಬ್ಬರನ್ನೂ ನೋಡ್ಕೋತ ಕುಂದ್ರೂದು ಭಾಳ ಛಲೋ ಅನಸ್ತೈತೋ ರಫೀಕ' ಅಂತಿದ್ದ. ಬಿಡಬ್ಯಾಡ್ರಿ ಅದನ್ನ. ಹೊಲದಾಗ ಕಾಗಿ ಪಾಲಾಗ್ತೈತಿ."

ಅವಳು ಗಂಡನತ್ತ ತಿರುಗಿದಳು. "ನನಗೊಂದು ಮಾತು ಹೇಳಬಾರದಿತ್ತೇನ್ರಿ? ಎಂಥಾ ಮೂಗ ಮನಷ್ಯಾ ನೀನು!" ಎಂದು ಅವನ ಮೊಣಕಾಲಿಗೆ ಗುದ್ದಿದಳು. ಬೆಳಗಿನಿಂದ ಬಾರದ ಅಳು ಆಗ ಬಂತು.

ಹೊತ್ತು ವಾಲುವ ಮುಂಚೆ ದೇವೇಂದ್ರಪ್ಪನನ್ನು ಹೂವಿನ ವಿಮಾನದಲ್ಲಿ ಕೂರಿಸಿ ಹೆಗಲು ಕೊಟ್ಟು ಮಣ್ಣಿಗೆ ಒಯ್ದರು. ಗಿಳಿ ಜಂತಿಗೆ ಹಾರಿ, ಗರಿಯನ್ನೆಲ್ಲ ಮೈಗೆ ಅಂಟಿಸಿಕೊಂಡು, ಕತ್ತು ನೀಳ ಮಾಡಿ ನಡುಗುತ್ತಿತ್ತು. ಹೆದರಿದೆ ಎಂದು ಕಳಕಮ್ಮನಿಗೆ ಈಗ ಯಾರೂ ಹೇಳಬೇಕಾಗಲಿಲ್ಲ. ಗಂಡ ಕೂತಿದ್ದ ಜಾಗದಲ್ಲೇ ಗೋಡೆಗೆ ಒರಗಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು. ಒಲೆ ಹಚ್ಚದ ದಿನ, ಮೊರ ಬರಿದು. ಉಗುರಿನಿಂದ ಸುಮ್ಮನೆ ಕೆರೆದಳು. ಊದುಬತ್ತಿಯ ಹೊಗೆ ಬಿಸಿಲಲ್ಲಿ ತೇಲುತ್ತಿತ್ತು; ಭಜನೆ ದೂರದೂರವಾಗಿ ಎಲ್ಲೋ ಕರಗಿತು.

ಪಂಪಾಪತಿ ಮರಳಿ ಬಂದಾಗ ಬಿಸಿಲು ಗೋಡೆ ಹತ್ತಿತ್ತು.

"ಅತ್ತಿಗಿ, ಗಿಣಿ ಎಲ್ಲೈತಿ? ಕೊಡ್ರಿ, ಬಿಟ್ಟು..."

ಅವಳ ಹೆಗಲ ಮೇಲಿಂದ ಕರಕರ ಸದ್ದು ಸಣ್ಣಗೆ ಕೇಳುತ್ತಿತ್ತು. ಕಳಕಮ್ಮ ಕತ್ತು ಅಲುಗಿಸದೆ ತುಟಿಯ ಮೇಲೆ ಬೆರಳಿಟ್ಟಳು.